ಬಾಯಿ ನಂದು, ಮಾತು ಬ್ಯಾರೇದಾಂವಂದು

ಜಮಖಂಡಿಯಿಂದ ಹೊಂಟ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದ ಸಿಕ್ಕೊಂಡು ತೆವಳಾಕತ್ತಿತ್ತು. ಮುಧೋಳದಾಗ ನನಗ ಶೂಟಿಂಗ್ ಇತ್ತು. ಎದ್ದು ಕಿಡಕಿಯಾಗ ಬಗ್ಗಿ ನೋಡ್ತಿದ್ದೆ, ಕೂಡ್ತಿದ್ದೆ, ಮತ್ತ ಏಳ್ತಿದ್ದೆ. ಆಚೀ ಸೀಟಿನ ಮುದುಕಿ ನನ್ನ ಮಾರಿನಽ ನೋಡಾಕತ್ತಿದ್ಲು.

"ಧಾರಾವಾಹ್ಯಾಗ ಸೊಸಿನ್ನ ಹೊರಗ ಹಾಕಿದ ಮಾವ ನೀನಽ ಅಲ್ಲೇನೋ?"

ಬಸ್ಸಿನ ಮಂದಿಯೆಲ್ಲ ಹೊಳ್ಳಿ ನೋಡಿದ್ರು.

"ಹೌದಬೇ ಯವ್ವಾ, ನಾನಽ."

"ಸುಳ್ಳ ಹೇಳಬ್ಯಾಡ. ಆಂವ ‘ನಡಿಯೇ ಆಚೆ’ ಅಂತಾನ. ನೀ ನಮ್ಮಂಗ ಮಾತಾಡ್ತಿ."

ನನಗ ಸಿಟ್ಟು ನೆತ್ತಿಗೇರಿತು. ಕಂಪನಿ ನಾಟಕದಾಗ ಮೈಕ್ ಕೈಕೊಟ್ಟಾಗೂ ಹಿಂದಿನ ಸಾಲಿನ ತನಕ ಮುಟ್ಟಿದ ದನಿ ನಂದು. ರೇಡಿಯೋದಾಗ ಬರೇ ದನಿ ಬದಲಿಸಿ ಗೌಡನೂ ಆಗಿದ್ದೆ, ಗೌಡನ ಮುಂದ ಕೈ ಮುಗಿಯೋ ಆಳೂ ಆಗಿದ್ದೆ. ಧಾರಾವಾಹಿಯವರಿಗೆ ಮಾತ್ರ ನನ್ನ ಮಾರಿ ಬೇಕಾತು, ನನ್ನ ಕನ್ನಡ ಬ್ಯಾಡಾತು. ಇದ್ದದ್ದು ಇದ್ದಂಗ ಹೇಳಿಬಿಟ್ಟೆ.

"ಯವ್ವಾ, ಅದರಾಗ ನನ್ನ ಮಾತು ಬೆಂಗಳೂರಾಗ ಕುಂತು ಬ್ಯಾರೇದಾಂವ ಆಡ್ತಾನ. ನಾ ಬರೇ ಬಾಯಿ ಆಡಸ್ತೇನಿ."

"ಅಂದ್ರ ಆ ಹುಡುಗಿಗೆ ಬೈದಾಂವ ನೀ ಅಲ್ಲ?"

"ಅಲ್ಲಬೇ."

ಆಕಿ ಮಾರಿ ಮ್ಯಾಲಿನ ಗಂಟು ಬಿಚ್ಚಿತು. ಬುತ್ತಿ ಗಂಟೂ ಬಿಚ್ಚಿ, ಶೇಂಗಾ ಹೋಳಿಗಿ ನನ್ನ ಕೈಯಾಗ ಇಟ್ಲು.

"ತಿನ್ನಪಾ. ಹಂಗಾರ ಸುಮ್ನ ಬಾಯಿ ತೆಗದು ಮುಚ್ಚಾಕ ನಿನಗ ಪಗಾರ ಕೊಡ್ತಾರೇನು?"

ಹೋಳಿಗಿ ಹಿಡಕೊಂಡು ಬಾಯಿ ತೆಗದು ಕುಂತೆ. ಅವತ್ತು ಮಾತ್ರ ಪುಕ್ಕಟ ತೆಗದಿದ್ದೆ.