ಟಿವಿ ಕಡ್ಡಿ ಜಯರಾಮು

ಐ.ಡಿ.ಹಳ್ಳಿ ಸುತ್ತಮುತ್ತ ಟಿವಿಗೆ ಯಾವ ಕಡ್ಡಿ ಸಿಕ್ಕಿಸಬೇಕು ಎಂದು ತಿಳಿಯದಿದ್ದರೆ ಜನ ಅಂಗಡಿಗೆ ಹೋಗುವುದಿಲ್ಲ, ಜಯರಾಮುವಿಗೆ ಫೋನ್ ಮಾಡುತ್ತಾರೆ. ಸ್ಟಿಕ್ಕು, ಬಾಕ್ಸು, ಡಾಂಗಲ್ಲು ಎಂದು ಕಂಪನಿಯವರು ಏನೇ ಹೆಸರಿಡಲಿ, ನೆಟ್‌ನಿಂದ ಟಿವಿಗೆ ಚಿತ್ರ ತರುವ ಎಲ್ಲಕ್ಕೂ ಇಲ್ಲಿ ಕಡ್ಡಿ ಎಂದೇ ಹೆಸರು. ಅವನು ಬರುತ್ತಾನೆ, ಚಪ್ಪಲಿ ಹೊರಗೆ ಬಿಡುತ್ತಾನೆ, ಕೊಟ್ಟ ನೀರು ಕುಡಿಯುತ್ತಾನೆ, ಟಿವಿಯ ಬೆನ್ನು ತಿರುಗಿಸಿ ನೋಡುತ್ತಾನೆ. ಮನೆಯಲ್ಲಿ ನೋಡುವವರು ಯಾರು, ಕನ್ನಡವೋ ತೆಲುಗೋ, ಗೋಡೆ ಇಟ್ಟಿಗೆಯದೋ ಕಲ್ಲಿನದೋ ಎಂದು ಕೇಳುತ್ತಾನೆ. ಆಮೇಲೆ ಒಂದು ಕಡ್ಡಿಯ ಹೆಸರು ಹೇಳುತ್ತಾನೆ. ಅದು ತಪ್ಪಿದ್ದು ಇಲ್ಲ.

ಇದನ್ನು ಅವನು ಊರಿನ ಉಪಕಾರಕ್ಕೆ ಮಾಡುತ್ತಿದ್ದಾನೆ ಎಂದು ತಿಳಿದವರಿಗೆ ಏನು ಹೇಳುವುದು? ಅವನು ತೀರಿಸುತ್ತಿದ್ದುದು ಹಗೆ. ಒಂದೊಂದೇ ಮನೆ ಬಿಡಿಸಿಕೊಂಡು ಮೂರು ವರ್ಷದಿಂದ ಮಹಾಲಿಂಗಯ್ಯನ ಕೇಬಲ್ ವ್ಯಾಪಾರದ ಕತ್ತು ಹಿಸುಕುತ್ತಿದ್ದ. ಕಾರಣ ಕೇಳಿದ ಮೇಲೆ ನ್ಯಾಯ ನೀವೇ ಹೇಳಿ.

ಮಹಾಲಿಂಗಯ್ಯ ಊರಿನ ಹಳೇ ವರ್ತಕರ ಮನೆಯವನು. ಹೋಬಳಿಗೆಲ್ಲ ಅವನದೇ ಕೇಬಲ್. ಬಹುವಚನ ಬೇಕಾದವರು ತಾವೇ ಸೇರಿಸಿಕೊಂಡು ಓದಲಿ, ಈ ಕತೆಯಲ್ಲಿ ಅವನಿಗೆ ಅದು ದಕ್ಕುವುದಿಲ್ಲ. ಜಯರಾಮು ಕುರಿ ಕಾಯುವ ಯತ್ತಪ್ಪನ ಮಗ. ಹದಿನಾಲ್ಕು ವರ್ಷ ಮಹಾಲಿಂಗಯ್ಯನ ಕಂಬ ಹತ್ತಿದ, ವೈರ್ ಎಳೆದ, ಮಳೆಯಲ್ಲಿ ನೆನೆದು ಲೈನ್ ಸರಿಮಾಡಿದ. ಗೋಡೌನಿನಲ್ಲಿದ್ದ ಒಂದೊಂದು ಸೆಟ್‌ಟಾಪ್ ಬಾಕ್ಸಿನ ತಳದ ಮೇಲೂ ತನ್ನ ಕೈಯಾರೆ ಕಪ್ಪು ಮಾರ್ಕರಿನಲ್ಲಿ ನಂಬರ್ ಬರೆದಿದ್ದ. ಒಂದು ದಿನ ಅವುಗಳಲ್ಲಿ ಹದಿನಾಲ್ಕು ಬಾಕ್ಸು ಕಾಣಲಿಲ್ಲ. ಬೀಗದ ಕೈ ಇದ್ದದ್ದು ಎರಡೇ ಕಡೆ, ಯಜಮಾನನ ಮನೆಯಲ್ಲಿ ಮತ್ತು ಜಯರಾಮುವಿನ ಸೊಂಟದಲ್ಲಿ. ಯಜಮಾನನ ಮನೆಯವರು ಕದಿಯುತ್ತಾರೆಯೇ? ಕಳ್ಳ ಯಾರೆಂದು ಅಲ್ಲಿಗೇ ತೀರ್ಮಾನವಾಯಿತು.

ಪೊಲೀಸಿಗೆ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಮಹಾಲಿಂಗಯ್ಯ ಅದಕ್ಕಿಂತ ಕೆಟ್ಟದ್ದು ಮಾಡಿದ. ಅವನ ಕೇಬಲ್ಲಿನಲ್ಲಿ ಒಂದು ಊರ ಚಾನೆಲ್ ಇತ್ತು. ಅದರಲ್ಲಿ ಹಳೇ ಸಿನಿಮಾ, ಮದುವೆ ವಿಡಿಯೋ, ಬಟ್ಟೆ ಅಂಗಡಿಯ ಜಾಹೀರಾತು, ಹತ್ತನೇ ಕ್ಲಾಸಿನಲ್ಲಿ ಒಳ್ಳೆ ನಂಬರ್ ತೆಗೆದವರ ಫೋಟೋ ಬರುತ್ತಿದ್ದವು. ಆ ಚಾನೆಲ್ಲಿನ ಕೆಳಗಡೆ ಓಡುವ ಪಟ್ಟಿಯಲ್ಲಿ ಜಯರಾಮುವಿನ ಫೋಟೋ ಹಾಕಿಸಿದ. ‘ಸಾರ್ವಜನಿಕರ ಗಮನಕ್ಕೆ. ಫೋಟೋದಲ್ಲಿರುವ ಜಯರಾಮು ಎಂಬಾತನನ್ನು ಕಳ್ಳತನದ ಕಾರಣ ಕೆಲಸದಿಂದ ತೆಗೆಯಲಾಗಿದೆ. ಇವನನ್ನು ಯಾರೂ ಮನೆಯೊಳಗೆ ಬಿಟ್ಟುಕೊಳ್ಳಬಾರದು.’ ಎರಡು ನಿಮಿಷಕ್ಕೊಮ್ಮೆ, ಬೆಳಗಿನಿಂದ ಸಂಜೆವರೆಗೆ, ಒಂಬತ್ತು ದಿನ ಅದು ಓಡಿತು.

ಎರಡನೇ ದಿನ ಯತ್ತಪ್ಪ ಮರಿ ಮಾರಲು ಐ.ಡಿ.ಹಳ್ಳಿಗೆ ಬಂದಿದ್ದ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಾ ತಲೆಯೆತ್ತಿದರೆ ಟಿವಿಯಲ್ಲಿ ಮಗನ ಮುಖ. ಮುದುಕನಿಗೆ ಅಕ್ಷರ ಬರುವುದಿಲ್ಲ. ಊರ ಚಾನೆಲ್ಲಿನಲ್ಲಿ ಫೋಟೋ ಬರುವುದು ಪಾಸಾದವರದು, ಗೆದ್ದವರದು, ಮದುವೆಯಾದವರದು ಎಂದಷ್ಟೇ ಅವನಿಗೆ ಗೊತ್ತು. ಖುಷಿಯಿಂದ ಎದ್ದು ನಿಂತ.

“ಎಲ್ರಿಗೂ ಒಂದೊಂದು ಟೀ ಕೊಡಪ್ಪ ದೊಡ್ಡರಂಗಪ್ಪ. ನನ್ ಮಗ ಟಿವೀಲಿ ಬಂದವ್ನೆ.”

ಹೋಟೆಲಿನ ದೊಡ್ಡರಂಗಪ್ಪ ಟೀ ಕೊಟ್ಟ. ಕೂತಿದ್ದ ಹನ್ನೊಂದು ಜನ ತಲೆ ಬಗ್ಗಿಸಿಕೊಂಡು ಕುಡಿದರು. ಯತ್ತಪ್ಪ ಒಬ್ಬೊಬ್ಬರನ್ನೂ ಹಿಡಿದು, ಏನು ಬರೆದಿದೆ ಹೇಳಿ, ಮಗ ಏನು ಸಾಧಿಸಿದ್ದಾನೆ ಹೇಳಿ ಎಂದು ಕೇಳುತ್ತಲೇ ಇದ್ದ. ಕೊನೆಗೆ ದೊಡ್ಡರಂಗಪ್ಪನೇ ಅವನನ್ನು ಪಕ್ಕಕ್ಕೆ ಕರೆದು ಓದಿ ಹೇಳಿದ. ಯತ್ತಪ್ಪ ಲೋಟ ಕೆಳಗಿಟ್ಟು, ಮರಿಗಳನ್ನು ವಾಪಸ್ ಹೊಡೆದುಕೊಂಡು ಊರಿಗೆ ನಡೆದ. ಅವತ್ತಿನಿಂದ ಮರಿ ಮಾರಲು ಅಷ್ಟು ದೂರದ ಸಿರಾ ಸಂತೆಗೆ ಹೋಗುತ್ತಾನೆ, ಐ.ಡಿ.ಹಳ್ಳಿಗೆ ಕಾಲಿಡುವುದಿಲ್ಲ.

ಕಳ್ಳ ಎಂದಿದ್ದನ್ನು ಜಯರಾಮು ಹೇಗೋ ನುಂಗಿಕೊಳ್ಳುತ್ತಿದ್ದ. ಅಪ್ಪ ಹಂಚಿದ ಆ ಹನ್ನೊಂದು ಟೀ ಅವನ ಗಂಟಲಲ್ಲಿ ಇಳಿಯಲಿಲ್ಲ. ಯಾವ ಪಟ್ಟಿಯಲ್ಲಿ ಕಳ್ಳ ಎಂದನೋ ಅದೇ ಪಟ್ಟಿಯಲ್ಲಿ ಅಲ್ಲ ಎನ್ನಿಸಬೇಕು. ಅದೇ ಫೋಟೋ, ಅದೇ ಒಂಬತ್ತು ದಿನ, ಅಪ್ಪ ಬದುಕಿರುವಾಗಲೇ. ಅವನಿಗೆ ಬೇಕಾದದ್ದು ಅಷ್ಟೇ, ಅದಕ್ಕಿಂತ ಕಡಿಮೆಯೂ ಅಲ್ಲ.

ದಾರಿ ತೋರಿಸಿದವರು ರಿಟೈರ್ಡ್ ಟೀಚರ್ ಜಗದಾಂಬ. ಪಟ್ಟಿ ಓದಿಯೂ ಅವನನ್ನು ಮನೆಯೊಳಗೆ ಕರೆದು ಕೂರಿಸಿದವರು ಅವರೊಬ್ಬರೇ. ಹೊಸದೊಂದು ಚಪ್ಪಟೆ ಟಿವಿ ತಂದಿದ್ದರು, ಕೇಬಲ್ ಮಾತ್ರ ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತಿತ್ತು.

“ಯಾವ ಕಡ್ಡಿ ತಗೊಳ್ಲಪ್ಪಾ? ಅಂಗಡಿಯವನು ನಾಲ್ಕು ತೋರಿಸ್ತಾನೆ, ನಾಲ್ಕೂ ಒಳ್ಳೇದು ಅಂತಾನೆ.”

ಕಡ್ಡಿ ಸಿಕ್ಕಿಸಿದ ಮನೆಗೆ ಕೇಬಲ್ ಬೇಕಿಲ್ಲ ಎಂದು ಜಯರಾಮುವಿಗೆ ಆ ಕ್ಷಣ ಹೊಳೆಯಿತು. ಗಡಿ ದಾಟಿ ಹಿಂದೂಪುರಕ್ಕೆ ಹೋಗಿ ವೆಂಕಟರಾಮಯ್ಯನ ಅಂಗಡಿಯಲ್ಲಿ ಎರಡು ದಿನ ಕೂತ, ಒಂದೊಂದು ಕಡ್ಡಿಯನ್ನೂ ಸಿಕ್ಕಿಸಿ ಬಿಚ್ಚಿ ನೋಡಿದ. ಸಂತೆಯಲ್ಲಿ ಟಗರಿನ ಹಲ್ಲು ಹಿಡಿದು ನೋಡುವ ಮನೆತನ, ಹೊಳಪಿಗೆ ಮರುಳಾಗುವವನಲ್ಲ. ಹೆಸರಿಲ್ಲದ ಅಗ್ಗದ ಡಬ್ಬಗಳು ತಿಂಗಳೊಳಗೆ ತೂಕಡಿಸುತ್ತವೆ ಎಂದು ಕಂಡುಕೊಂಡ. ಟಿವಿಯ ತೂತಿನಿಂದಲೇ ಕರೆಂಟ್ ಕೊಟ್ಟರೆ ಕಡ್ಡಿ ಪದೇ ಪದೇ ಸತ್ತು ಹುಟ್ಟುತ್ತದೆ, ಬೇರೆ ಚಾರ್ಜರೇ ಬೇಕು. ಮೂವತ್ತೆರಡು ಇಂಚಿನ ಟಿವಿಗೆ ದೊಡ್ಡ ಟಿವಿಯ ದುಬಾರಿ ಕಡ್ಡಿ ದಂಡ. ಕಲ್ಲುಗೋಡೆಯ ಹಳೇ ಮನೆಗಳಲ್ಲಿ ನಡುಮನೆಯ ವೈಫೈ ಒಳಕೋಣೆಗೆ ಮುಟ್ಟುವುದಿಲ್ಲ, ಅಂಥಲ್ಲಿ ನೆಟ್ಟಿನ ವೈರ್ ನೇರ ಚುಚ್ಚುವ ಬಾಕ್ಸೇ ಸರಿ. ಕಣ್ಣು ಮಂಜಾದ ಜಗದಾಂಬ ಅವರಿಗೆ ಗುಂಡಿ ಕಡಿಮೆ ಇರುವ, ಬಾಯಲ್ಲಿ ಹೇಳಿದರೆ ಹುಡುಕಿಕೊಡುವ ರಿಮೋಟಿನ ಕಡ್ಡಿ ಆರಿಸಿದ.

ಒಂದು ಕಡ್ಡಿ ಕೈಕೊಟ್ಟರೂ ಆ ಮನೆ ಮತ್ತೆ ಮಹಾಲಿಂಗಯ್ಯನ ಪಾಲು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅಷ್ಟು ಶ್ರದ್ಧೆ. ದೇವರ ಕೆಲಸವನ್ನೂ ಯಾರೂ ಅಷ್ಟು ನೇಮದಿಂದ ಮಾಡಿರಲಿಕ್ಕಿಲ್ಲ. ಹೆಸರು ಪಾವಗಡದ ತಿರುಮಣಿವರೆಗೂ ಹಬ್ಬಿತು, ಸೋಲಾರ್ ಪಾರ್ಕಿಗೆ ಹೊಲ ಕೊಟ್ಟ ಮನೆಗಳವರೂ ಕರೆಸಿಕೊಂಡರು. ಎಲ್ಲ ಕಡೆಯೂ ಅವನದು ಒಂದೇ ಷರತ್ತು. “ಹಳೇ ಕೇಬಲ್ ಡಬ್ಬ ಇವತ್ತೇ ಆಫೀಸಿಗೆ ವಾಪಸ್ ಕೊಟ್ ಬರ್ಬೇಕು. ಮನೇಲಿ ಮಡಿಕ್ಕೊಂಡ್ರೆ ನಾನು ಕೈ ಹಾಕಾಕಿಲ್ಲ.” ಜನ ಡಬ್ಬ ಹೊತ್ತುಕೊಂಡು ಸಾಲಾಗಿ ಕೇಬಲ್ ಆಫೀಸಿನ ಮೆಟ್ಟಿಲು ಹತ್ತುವುದನ್ನು ಎದುರಿನ ಬೇವಿನ ಮರದಡಿ ನಿಂತು ನೋಡಿದರೆ ಅವನ ಹೊಟ್ಟೆ ತಣ್ಣಗಾಗುತ್ತಿತ್ತು.

ಎರಡನೇ ವರ್ಷ ಹಿಂದೂಪುರದ ಅದೇ ಅಂಗಡಿಯಲ್ಲಿ ರಿಪೇರಿ ಸಾಮಾನಿನ ರಾಶಿಯಲ್ಲಿ ಒಂದು ಸೆಟ್‌ಟಾಪ್ ಬಾಕ್ಸ್ ಕಂಡಿತು. ತಿರುಗಿಸಿದರೆ ತಳದಲ್ಲಿ ಕಪ್ಪು ಮಾರ್ಕರು, ಇವನದೇ ಅಕ್ಷರ. ವೆಂಕಟರಾಮಯ್ಯ ತಲೆಯೆತ್ತದೆ ಅರೆ ತೆಲುಗಿನಲ್ಲಿ ಹೇಳಿದ.

“ಅದಾ? ಮೀ ಓನರ್ ಕೊಡುಕು ತೆಚ್ಚಿ ಇಚ್ಚಾಡಪ್ಪಾ, ಹದಿನಾಲ್ಕು ಪೀಸು. ಪ್ರಭುದೇವ್ ಅಂತ.”

ಬಾಕ್ಸುಗಳನ್ನು ತಂದು ಕೊಟ್ಟ ಆ ಪ್ರಭುದೇವ್ ಎಂದರೆ ಮಹಾಲಿಂಗಯ್ಯನ ಒಬ್ಬನೇ ಮಗ. ಜಯರಾಮು ಆ ಬಾಕ್ಸನ್ನು ಕಂಕುಳಲ್ಲಿಟ್ಟುಕೊಂಡು ನೇರ ಆಫೀಸಿಗೆ ಹೋಗಿ ಮೇಜಿನ ಮೇಲೆ ಕುಕ್ಕಿದ. ಮಗನ ಹೆಸರು ಇನ್ನೂ ಎತ್ತಿರಲಿಲ್ಲ, ಅಷ್ಟರಲ್ಲೇ ಮಹಾಲಿಂಗಯ್ಯ, “ನನ್ನ ಮಗನ ತಂಟೆಗೆ ಬರಬೇಡ,” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಂದರೆ ಮಹಾಲಿಂಗಯ್ಯನಿಗೆ ಗೊತ್ತಿತ್ತು. ಮಗನೇ ಕದ್ದದ್ದು ಗೊತ್ತಿದ್ದೂ ಸುಮ್ಮನಿದ್ದ.

ನಡೆದದ್ದನ್ನು ಮೊಬೈಲಿನಲ್ಲಿ ಹಾಕಿ ಊರಿಗೆಲ್ಲ ಹಂಚು ಎಂದು ಜಗದಾಂಬ ಹೇಳಿದರು. ಜಯರಾಮು ಒಪ್ಪಲಿಲ್ಲ.

“ನಾನ್ ಕಳ್ಳ ಅಲ್ಲ ಅಂತ ನಾನೇ ಹೇಳ್ಕಂಡ್ರೆ ಯಾರ್ ನಂಬ್ತಾರೆ ಟೀಚರಮ್ಮ? ಅಂದ ಬಾಯೇ ಅಲ್ಲ ಅನ್ಬೇಕು.”

ಮತ್ತೆ ಕಡ್ಡಿ ಹಾಕತೊಡಗಿದ, ಈಗ ಇನ್ನೂ ಹಲ್ಲು ಕಚ್ಚಿಕೊಂಡು. ಮೂರನೇ ವರ್ಷದ ಹೊತ್ತಿಗೆ ಮಹಾಲಿಂಗಯ್ಯ ಹಳ್ಳಿಗಳ ಲೈನುಗಳನ್ನು ತಾನೇ ಮುಚ್ಚಿ, ಊರ ಚಾನೆಲ್ಲನ್ನು ಐ.ಡಿ.ಹಳ್ಳಿಯಲ್ಲಷ್ಟೇ ಹೆಸರಿಗೆ ಉಳಿಸಿಕೊಂಡು, ನೆಟ್ ಕನೆಕ್ಷನ್ ಮಾರುವ ಏಜೆನ್ಸಿ ಹಿಡಿದ. ಕಡ್ಡಿ ಇರುವ ಮನೆಗೆ ನೆಟ್ ಬೇಕು, ಯಾವ ನೆಟ್ ಎಂದು ಹೇಳುವವನು ಜಯರಾಮು. ಯಾರ ಕೊರಳು ಯಾರ ಕೈಗೆ ಬಂತು ನೋಡಿ. ಮಹಾಲಿಂಗಯ್ಯ ಅವನನ್ನು ಕರೆಸಿದ.

“ಹಳೇದೆಲ್ಲ ಬುಡಪ್ಪ ಜಯರಾಮು. ನನ್ನ ನೆಟ್ ಹಾಕಿಸ್ಕೊಳ್ಳಿ ಅಂತ ಜನಕ್ಕೆ ಒಂದು ಮಾತು ಹೇಳು. ನಿಂಗೇನು ಬೇಕು ಕೇಳು.”

“ಪಟ್ಟಿ ಹಾಕ್ಸಿ ಯಜಮಾನ್ರೇ. ಅದೇ ಚಾನಲ್ಲು, ಅದೇ ಫೋಟೋ, ಒಂಬತ್ ದಿನ. ಕದ್ದೋನು ಯಾರು ಅಂತ ಹೆಸರು ಸಮೇತ.”

ಮಹಾಲಿಂಗಯ್ಯ ಒಂದು ನಿಮಿಷ ಯೋಚಿಸಿದ. ಆಮೇಲೆ ಮೀಸೆಯಡಿ ನಕ್ಕು, “ಆಗ್ಲಿ. ಹೆಸರೂ ಹಾಕಿಸ್ತೀನಿ,” ಎಂದುಬಿಟ್ಟ. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ಅನುಮಾನ ಬರಬೇಕಿತ್ತು. ಗೆದ್ದ ಅಮಲಿನಲ್ಲಿದ್ದ ಜಯರಾಮುವಿಗೆ ಬರಲಿಲ್ಲ.

ಮೊದಲನೇ ದಿನದ ಸಂಜೆ ಅಪ್ಪನನ್ನು ಒಪ್ಪಿಸಿ, ಬೈಕಿನ ಹಿಂದೆ ಕೂರಿಸಿಕೊಂಡು ಐ.ಡಿ.ಹಳ್ಳಿಗೆ ತಂದ. ಹೋಟೆಲಿಗೇ ಹೋದರು. ಟಿವಿಯಲ್ಲಿ ತೆಲುಗು ಸಿನಿಮಾ ಓಡುತ್ತಿತ್ತು.

“ಊರ ಚಾನಲ್ ಹಾಕಣ್ಣ,” ಎಂದ ಜಯರಾಮು.

ದೊಡ್ಡರಂಗಪ್ಪ ಅವನನ್ನೇ ನೋಡಿದ. “ಎಲ್ಲಿಂದ ಹಾಕ್ಲಿ? ಕಡ್ಡಿ ಸಿಕ್ಕಿಸಿ ಡಬ್ಬ ವಾಪಸ್ ಕೊಡ್ಸಿದ್ದು ನೀನೇ ಅಲ್ವೇನ್ಲಾ.”

ಜಗದಾಂಬ ಅವರ ಮನೆಯಲ್ಲೂ ಅದೇ ಉತ್ತರ. ಏಳೆಂಟು ಮನೆಗೆ ಫೋನ್ ಮಾಡಿದ. ಎಲ್ಲ ಅವನೇ ಆರಿಸಿದ ಕಡ್ಡಿ, ಎಲ್ಲ ಅವನೇ ಬಿಚ್ಚಿಸಿದ ಕೇಬಲ್. ಕಡ್ಡಿ ಬೇಡವೆಂದವರು ಡಿಶ್ ಹಾಕಿಸಿಕೊಂಡಿದ್ದರು. ಊರೆಲ್ಲ ನೋಡಲಿ ಎಂದು ಹಾಕಿಸಿದ ಪಟ್ಟಿಯನ್ನು ನೋಡಲು ಊರಿನಲ್ಲಿ ಒಂದು ಟಿವಿಯನ್ನೂ ಅವನು ಉಳಿಸಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಬೀದಿಯಲ್ಲಿ ನಿಂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನಿಸಿತು.

“ಎಲ್ಲೈತ್ಲಾ ಪಟ್ಟಿ?” ಎಂದು ಯತ್ತಪ್ಪ ಕೇಳಿದ.

ಕೇಬಲ್ ಉಳಿದಿದ್ದ ಮನೆ ಒಂದೇ. ಅಪ್ಪನ ಕೈ ಹಿಡಿದುಕೊಂಡು ಜಯರಾಮು ಮಹಾಲಿಂಗಯ್ಯನ ಮನೆಯ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದವರು ಮಹಾಲಿಂಗಯ್ಯನ ಹೆಂಡತಿ ಸರೋಜಮ್ಮ. ಬೀದಿ ಕಡೆಯ ಕಿಟಕಿ ತೆರೆದಿತ್ತು. ಮಹಾಲಿಂಗಯ್ಯ ಟಿವಿ ಮುಂದೆ ಕಾಲು ಚಾಚಿ ಕೂತಿದ್ದ.

“ಬಾರಪ್ಪ. ನೀನು ಕೇಳ್ದಂಗೇ ಹಾಕ್ಸಿದೀನಿ, ಅಕ್ಷರ ಬಿಟ್ಟಿಲ್ಲ. ನೋಡೋರು ಇಲ್ಲ ಅಂದ್ರೆ ಅದು ನನ್ನ ತಪ್ಪಾ?”

ಟಿವಿಯನ್ನು ಎತ್ತಿ ಅವನ ತಲೆಯ ಮೇಲೆ ಹಾಕುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಪಟ್ಟಿ ಬಂತು. ನೆಲದ ಮೇಲೆ ಕೂತಿದ್ದ ಯತ್ತಪ್ಪ ಮಗನ ಫೋಟೋ ನೋಡಿ, “ಏನ್ ಬರ್ದವ್ರೆ ಓದ್ಲಾ,” ಎಂದ.

ಜಯರಾಮು ಓದಲು ಬಾಯಿ ತೆರೆದ. ತೆರೆದವನು ಮುಚ್ಚಿದ.

“ಯಜಮಾನ್ರೇ, ನಮ್ಮಪ್ಪಂಗೆ ಓದಾಕ್ ಬರಾಕಿಲ್ಲ. ನಾನ್ ಓದಿದ್ರೆ ನಾನ್ ಹೇಳ್ದಂಗಾಯ್ತದೆ. ನೀವ್ ಬರ್ಸಿರೋದು, ನೀವೇ ಓದಿ.”

ಮಹಾಲಿಂಗಯ್ಯನ ನಗು ನಿಂತಿತು. “ಕನ್ನಡಕ ಇಲ್ಲ,” ಎಂದ.

ಸರೋಜಮ್ಮ ಒಳಗೆ ಹೋಗಿ ಕನ್ನಡಕ ತಂದು, ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಟ್ಟರು. “ಓದಿ. ಹೆತ್ತವಳು ನಾನೂ ಕೇಳ್ತೀನಿ,” ಎಂದರು.

ಅವನು ಗಂಟಲು ಸರಿಮಾಡಿಕೊಂಡು ಗೊಣಗಿದ. “ಸಾರ್ವಜನಿಕರ ಗಮನಕ್ಕೆ. ಫೋಟೋದಲ್ಲಿರುವ ಜಯರಾಮು ಕಳ್ಳನಲ್ಲ...”

“ಕೇಳ್ಸಾಕಿಲ್ಲ ಸ್ವಾಮಿ,” ಎಂದ ಯತ್ತಪ್ಪ. ಮೂರು ಹೊಲದಾಚೆ ಮರಿ ಕೆಮ್ಮಿದರೆ ಎದ್ದು ಕೂರುವ ಮುದುಕ ಅದು.

ಎರಡು ನಿಮಿಷಕ್ಕೆ ಪಟ್ಟಿ ಮತ್ತೆ ಬಂತು. ಮಹಾಲಿಂಗಯ್ಯ ದನಿ ಏರಿಸಿದ. ಸಾಲಲಿಲ್ಲ. ಇನ್ನೆರಡು ನಿಮಿಷಕ್ಕೆ ಕೂಗಿಯೇ ಓದಬೇಕಾಯಿತು. “ಜಯರಾಮು ಕಳ್ಳನಲ್ಲ. ಬಾಕ್ಸುಗಳನ್ನು ಕದ್ದವನು ನನ್ನ ಮಗ ಪ್ರಭುದೇವ್. ಸುಳ್ಳು ಹೊರಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ. ಇಂತಿ ಮಹಾಲಿಂಗಯ್ಯ.” ಹಾಲು ತರಲು ಹೊರಟಿದ್ದವರು ಕಿಟಕಿಯಾಚೆ ನಿಂತರು. ಅವರನ್ನು ನೋಡಿ ಇನ್ನೂ ನಾಲ್ಕು ಜನ ನಿಂತರು. ಹೋಟೆಲಿನಿಂದ ದೊಡ್ಡರಂಗಪ್ಪನೂ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಾ ಬಂದ. ಪಟ್ಟಿ ಬಂದಾಗಲೆಲ್ಲ ಯತ್ತಪ್ಪ ಬೆರಳು ತೋರಿಸಿ, “ಬಂತು ನೋಡಿ ಸ್ವಾಮಿ,” ಎನ್ನುತ್ತಿದ್ದ. ಮಹಾಲಿಂಗಯ್ಯ ಓದುತ್ತಿದ್ದ. ಹೀಗೆ ಎಂಟೋ ಹತ್ತೋ ಸಲ ಆಯಿತು. ಜಯರಾಮು ಗೋಡೆಗೆ ಒರಗಿ, ಮೂರು ವರ್ಷದಲ್ಲಿ ಮೊದಲನೇ ಸಲ ಉಸಿರು ಪೂರ್ತಿ ಎಳೆದುಕೊಂಡ. ಅವನಿಗೆ ಕನಿಕರ ಬರಲಿಲ್ಲ, ಬರಬೇಕೆಂದೂ ಅನಿಸಲಿಲ್ಲ.

ಕತ್ತಲಾಗುವ ಹೊತ್ತಿಗೆ ಯತ್ತಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. ಮಹಾಲಿಂಗಯ್ಯ ಕನ್ನಡಕ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ.

“ಬತ್ತೀವಿ ಸ್ವಾಮಿ,” ಎಂದು ಮುದುಕ ಕೈ ಮುಗಿದ. “ನಾಳೆ ಒಸಿ ಬಿರ್‍ನೆ ಬತ್ತೀವಿ. ಇನ್ನಾ ಎಂಟು ದಿನ ಐತಲ್ಲ.”