ಅಡುಗೆಮನೆಯ ನೆಲದ ಮರ್ಜಿ

ನಮ್ಮ ಮನೆಯಲ್ಲಿ ಕುರ್ಚಿಗಳು ಕಾಲುಚೀಲ ಹಾಕಿಕೊಳ್ಳುತ್ತವೆ. ನನ್ನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿದರೂ ಚಿಂತೆಯಿಲ್ಲ. ಅಡುಗೆಮನೆಯ ಕುರ್ಚಿಯದು ಸವೆದರೆ ಅಂದೇ ಹೊಸದು ಬರಬೇಕು. ಇಲ್ಲದಿದ್ದರೆ ನೆಲಕ್ಕೆ ಗೀರು ಬೀಳುತ್ತದೆ. ನೆಲ ಮರದ್ದು.

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಬಾಡಿಗೆ ಫ್ಲಾಟಿನಲ್ಲಿ ಮರದ ನೆಲವೇ, ಅದೂ ಅಡುಗೆಮನೆಯಲ್ಲೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಅಲ್ ಗರಾಫಾದಲ್ಲಿ ಒಂದು ವಿಲ್ಲಾ ಒಡೆಯುವಾಗ ನಮ್ಮ ಕಂಪನಿಯ ಸ್ಟೋರಿಗೆ ಬಂದು ಬಿದ್ದ ಹಲಗೆಗಳು ಅವು. ನಾನು ಅಲ್ಲಿಯ ಸ್ಟೋರ್ ಕೀಪರ್. ಎಸೆಯುವಾಗ ಕೇಳಿ ತಂದೆ. ಹಾಲ್‌ನಲ್ಲಿ ಹಾಸೋಣ, ಬಂದವರು ನೋಡಲಿ ಎಂದರೆ ನನ್ನ ಹೆಂಡತಿ ವಿಮಲಾ ಒಪ್ಪಲಿಲ್ಲ.

"ಬಂದವರು ಅರ್ಧ ಗಂಟೆ ಕೂತ್ಕೊಳ್ತಾರೆ. ಇಡೀ ದಿನ ನಿಲ್ಲುದು ನಾನಲ್ವಾ? ಟೈಲ್ಸ್ ಮೇಲೆ ಕಾಲು ಸೆಳೀತದೆ" ಎಂದಳು.

ಅಂದಿನಿಂದ ಮನೆಗೆ ಹೊಸ ಯಜಮಾನ ಬಂದಂತಾಯಿತು. ಒದ್ದೆ ಬಟ್ಟೆ ಅದಕ್ಕೆ ಆಗದು. ಮುಖ ಒರೆಸಿಕೊಂಡ ಟವೆಲಿನಷ್ಟು ತೇವ ಸಾಕು. ಮರದ ಗೆರೆಯ ಉದ್ದಕ್ಕೆ ಒರೆಸಬೇಕು, ಅಡ್ಡ ಒರೆಸಿದರೆ ಮುನಿಸು. ಮುನಿಸು ಸಹಜವೇ ಅನ್ನಿ. ಯಾವುದೋ ತಣ್ಣನೆಯ ಕಾಡಿನಲ್ಲಿ ನಿಂತಿದ್ದ ಮರಕ್ಕೆ, ಮುಂದೆ ಮರುಭೂಮಿಯಲ್ಲಿ ಅಂಗಾತ ಮಲಗಿ ಬಂಗುಡೆ ಸಾರಿನ ವಾಸನೆ ಕುಡಿಯಬೇಕಾದೀತೆಂದು ಯಾರು ಹೇಳಿದ್ದರು? ಸೆಕೆಗಾಲದಲ್ಲಿ ಉಬ್ಬುತ್ತದೆಂದು ಅಡುಗೆಮನೆಯ ಎಸಿ ಆರಿಸುವಂತಿರಲಿಲ್ಲ. ಒಮ್ಮೆ ಮಲಗುವ ಕೋಣೆಯ ಎಸಿ ಕೆಟ್ಟಾಗ, ಅಡುಗೆಮನೆಯದನ್ನು ಬಿಚ್ಚಿ ಅಲ್ಲಿ ಹಾಕೋಣವೆಂದೆ. ವಿಮಲಾ ನಮ್ಮಿಬ್ಬರ ಚಾಪೆಯನ್ನೇ ಅಡುಗೆಮನೆಗೆ ತಂದಳು.

ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೂ ಫೋನಿನಲ್ಲಿ ಅವಳದು ಅದೇ ಮಾತು. "ಹಾಲು ಉಕ್ಕಿದ್ರೆ ಮೊದ್ಲು ನೆಲ ಒರೆಸಿ, ಮತ್ತೆ ಒಲೆ ಆರಿಸಿ." ಆಮೇಲೆ ಅವಳಿಗೆ ಮಾತಾಡಲು ಆಗಲಿಲ್ಲ. ಇದಕ್ಕಿಂತ ಘನವಾದದ್ದೇನಾದರೂ ನಮ್ಮ ನಡುವಿನ ಕೊನೆಯ ಮಾತಾಗಬಹುದಿತ್ತೇನೋ. ಆದರೆ ನಾನೂ "ಆಯ್ತು" ಎಂದಷ್ಟೇ ಹೇಳಿದೆ.

ಊರಿನಲ್ಲಿ ಅವಳ ಉತ್ತರಕ್ರಿಯೆ ಮುಗಿಸಿ ದೋಹಾಕ್ಕೆ ಮರಳಿದೆ. ಮಾರನೆಯ ಬೆಳಿಗ್ಗೆ ನಗರದ ಹೊರಬದಿಯ ಮುಐದರಿನಿಂದ ವಿಮಲಾಳ ತಂಗಿ ಸುಜಾತ, ಅವಳ ಗಂಡ ದಿನೇಶ ಬಂದರು. ಸುಜಾತಳ ಕೈಯಲ್ಲಿ ಬಕೆಟ್ಟು ಮತ್ತು ತೆಂಗಿನ ಕಡ್ಡಿಯ ಹಿಡಿಸೂಡಿ. ಸೂತಕ ಕಳೆದ ಮೇಲೆ ಮನೆ ತೊಳೆಯಬೇಕು, ಅದು ನಮ್ಮ ಕಡೆಯ ಕ್ರಮ. ತೊಳೆಯುವುದೆಂದರೆ ನಮ್ಮವರಿಗೆ ಒರೆಸುವುದಲ್ಲ. ನೀರು ಹೊಯ್ದು, ಗುಡಿಸಿ, ಹೊರಗೆ ಹರಿಸುವುದು.

ಕೋಣೆ, ಹಾಲ್ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದಳು. ಇಲ್ಲಿ ನೀರು ಹಾಕುವಂತಿಲ್ಲ ಎಂದೆ.

"ಎಂತ ಭಾವ, ಅಕ್ಕನಿಗೆ ಮಾಡುವ ಕೆಲಸದಲ್ಲಿ ನಿಮ್ಗೆ ಹಲಗೆ ದೊಡ್ಡದಾ?"

"ಹಲಗೆ ನಿನ್ನ ಅಕ್ಕನದ್ದೇ."

"ಸ್ವಲ್ಪ ತುಳಸಿ ನೀರು ಚಿಮುಕಿಸು, ಖಲಾಸ್" ಎಂದ ದಿನೇಶ.

"ಚಿಮುಕಿಸ್ಲಿಕ್ಕೆ ಇದೆಂತ ಇಸ್ತ್ರಿ ಹಾಕುವ ಬಟ್ಟೆಯಾ?" ಎಂದು ಸುಜಾತ ಗಂಡನ ಮೇಲೆ ರೇಗಿದಳು.

ದಿನೇಶ ಊರಿನ ಭಟ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಮರದ ನೆಲವೆಂದರೆ ಭಟ್ಟರಿಗೆ ಗೊತ್ತಿದ್ದದ್ದು ಒಂದೇ.

"ಅಟ್ಟದಲ್ಲಿ ಅಡುಗೆ ಮಾಡುದಾ ನೀವು?"

"ಅಟ್ಟ ಅಲ್ಲ ಭಟ್ರೇ, ಕತಾರ್."

"ಎಲ್ಲಿಯದಾದ್ರೂ ಅಟ್ಟ ಅಟ್ಟವೇ. ಅದಕ್ಕೆ ನೀರು ಹಾಕುವ ಕ್ರಮ ಇಲ್ಲ ಮಾರಾಯ. ಕೆಳಗೆ ಇದ್ದವರ ತಲೆ ಮೇಲೆ ಬೀಳ್ತದೆ."

ತೀರ್ಪು ನನ್ನ ಕಡೆಗಾಯಿತು. ಗೆದ್ದ ಖುಷಿಯಲ್ಲಿ ಸುಜಾತಳ ಮುಖ ನೋಡಿದೆ. ತುಂಬಿದ ಬಕೆಟ್ಟನ್ನು ಕೆಳಗಿಡದೆ ಅವಳು ಹಾಗೇ ನಿಂತಿದ್ದಳು. ರಜೆ ಸಿಗದೆ ಅವಳು ಊರಿಗೆ ಬಂದಿರಲಿಲ್ಲ. ಅಕ್ಕನಿಗಾಗಿ ಅವಳ ಪಾಲಿಗೆ ಉಳಿದಿದ್ದ ಕೆಲಸ ಇದೊಂದೇ.

"ಹಾಕು" ಎಂದೆ. "ಸ್ವಲ್ಪ" ಎಂದು ಸೇರಿಸುವಷ್ಟರಲ್ಲಿ ಇಡೀ ಬಕೆಟ್ಟು ಖಾಲಿಯಾಗಿತ್ತು.

ಆಮೇಲೆ ನಡೆದದ್ದನ್ನು ಶುದ್ಧಕ್ರಿಯೆ ಎನ್ನಲು ಧೈರ್ಯ ಬೇಕು. ಟವೆಲು, ಲುಂಗಿ, ಕೈಗೆ ಸಿಕ್ಕ ಬೆಡ್‌ಶೀಟು ಹಿಡಿದು ಮೂವರೂ ಮೊಣಕಾಲೂರಿದೆವು. ತಲೆಗೆ ತಲೆ ಬಡಿಯಿತು. ದಿನೇಶ ಹೇರ್ ಡ್ರೈಯರ್ ತಂದು ಹಲಗೆಯ ಸಂದಿಗಳಿಗೆ ಬಿಸಿಗಾಳಿ ಬಿಡುತ್ತಾ "ಯಲ್ಲಾ, ಯಲ್ಲಾ" ಎಂದು ಅರಬ್ಬಿಯಲ್ಲಿ ನಮ್ಮನ್ನು ಅವಸರಪಡಿಸತೊಡಗಿದ. ಸುಜಾತ ಅಳುತ್ತಲೇ ಒರೆಸುತ್ತಿದ್ದಳು.

"ಅಳ್ಬೇಡ ಮಾರಾಯ್ತಿ, ಒಣಗಿದ್ದನ್ನು ಮತ್ತೆ ಒದ್ದೆ ಮಾಡ್ತಿ ನೀನು" ಎಂದೆ.

ಅವಳಿಗೆ ನಗು ಬಂತು. ನನಗೂ ಬಂತು. ವಿಮಲಾ ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಸಿಂಕಿನ ಬಳಿಯ ಒಂದು ಹಲಗೆ ಮಾತ್ರ ಉಬ್ಬಿತು. ಬಡಗಿ ಬಂದು ನೋಡಿ, ಬೇಕಾದರೆ ಬದಲಿಸಬಹುದು, ಇಲ್ಲವೇ ಕಾಯಬಹುದು, ಎಸಿಯ ಒಣಗಾಳಿಗೆ ತಾನೇ ಇಳಿದರೂ ಇಳಿದೀತು ಎಂದ. ಕಾಯುತ್ತಿದ್ದೇನೆ. ಚಹಾಕ್ಕೆ ಹೋಗುವಾಗ ಅದನ್ನು ಎಡವುತ್ತೇನೆ, ಬರುವಾಗ ಒಣ ಬಟ್ಟೆಯಿಂದ ಸವರುತ್ತೇನೆ. ಮರದೊಳಗೆ ನೀರು ಇಳಿಯಲು ಒಂದು ಗಳಿಗೆ ಸಾಕು. ಹೊರಬರುವುದು ಅದರದೇ ಮರ್ಜಿ.

ಶುಕ್ರವಾರಗಳಲ್ಲಿ ಸುಜಾತ ಫೋನು ಮಾಡುತ್ತಾಳೆ. ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಇಬ್ಬರಿಗೂ ಕಷ್ಟ.

"ಹಲಗೆ ಹೇಗುಂಟು ಭಾವ?"

"ಊತ ಸ್ವಲ್ಪ ಇಳಿದಿದೆ. ನಿಂದು?"

ಅವಳ ಮನೆಯಲ್ಲಿರುವುದು ಟೈಲ್ಸಿನ ನೆಲ. ಆದರೂ ಹೇಳುತ್ತಾಳೆ:

"ನಂದೂ ಹಾಗೇ ಉಂಟು."