ಬಿಸಿಯಕ್ಕನಿಗೆ ತಪ್ಪಿಹೋದ ಕೊನೆಯ ಕಂತು

ಬಿಸಿಯಕ್ಕನ ಮುತ್ತಜ್ಜ ಸಾಮಾನ್ಯ ಆಸಾಮಿಯಲ್ಲ. ಮದುಮಗನೊಬ್ಬ ಕೋಟು ಸುಕ್ಕಾಯಿತೆಂದು ಅಳುತ್ತ ಓಡಿಬಂದಾಗ, ಬಿಚ್ಚಿ ತೊಡುವಷ್ಟು ಹೊತ್ತಿಲ್ಲವೆಂದು ಅವನನ್ನೇ ಹಲಗೆಯ ಮೇಲೆ ಬೋರಲು ಮಲಗಿಸಿ, ಮೈಮೇಲೆಯೇ ಇಸ್ತ್ರಿ ಎಳೆದು ಕಳಿಸಿದವನು. ಮದುಮಗ ಆ ದಿನವೆಲ್ಲ ಬೆನ್ನು ಎಲ್ಲಿಗೂ ಒರಗಿಸದೆ ನೆಟ್ಟಗೆ ನಿಂತೇ ಇದ್ದನಂತೆ. ನೋಡಿದವರು, ಆಹಾ ಎಂಥ ಗತ್ತು ಅಂದರಂತೆ.

ಆ ಮುತ್ತಜ್ಜನ ಮಗಳು, ಅಂದರೆ ಬಿಸಿಯಕ್ಕನ ಅಜ್ಜಿ, ಅಪ್ಪನಿಗಿಂತ ಒಂದು ಕೈ ಮೇಲು. ಬಿಸಿಲು ಬಿದ್ದ ಜಾಗ ಖಾಲಿ ಕಂಡರೆ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆಯೋ ಬೇಲಿಯೋ ಮಲಗಿದ ಎಮ್ಮೆಯೋ, ಯಾವುದಾದರೂ ಸರಿ, ಒದ್ದೆ ಬಟ್ಟೆ ಹರವಿಬಿಡಬೇಕು. ಒಮ್ಮೆ ರಸ್ತೆ ಬದಿ ನಿಂತಿದ್ದ ಲಾರಿಯ ಮೇಲೆ ಯಾರದೋ ಮನೆಯ ಪರದೆಗಳನ್ನೆಲ್ಲ ಹರವಿದಳು. ಲಾರಿ ಹೊರಟುಹೋಯಿತು. ಈಕೆ ಇನ್ನೊಂದು ಲಾರಿ ಹತ್ತಿ ಬೆನ್ನಟ್ಟಿ, ಮರುದಿನ ಪರದೆಗಳ ಗಂಟು ಹೊತ್ತು ವಾಪಸ್ಸು ಬಂದಳು. ಏನಮ್ಮಾ ಇದು ಅಂತ ಕೇಳಿದವರಿಗೆ, "ಓಡೋ ಗಾಳಿಗೆ ಬೇಗ ಒಣಗ್ತವೆ, ನಿಮಗೇನು ಗೊತ್ತು" ಅಂದಳಂತೆ. ಇನ್ನು ಬಿಸಿಯಕ್ಕನ ಅಪ್ಪ. ಅವನದು ಒಂದೇ ಸಾಧನೆ. ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಇಂಥ ಮಗಳನ್ನು ಸಾಕಿ, ಕೊನೆಯವರೆಗೂ ಬಾಯಿ ತೆರೆಯದೆ ಬಾಳಿದ್ದು.

ಹೆತ್ತವರು ಬಿಸಿಯಕ್ಕನಿಗೆ ಇಟ್ಟ ಹೆಸರು ಅವಳಿಗೇ ಮರೆತಿರಬೇಕು. ಇಸ್ತ್ರಿ ಬಿಸಿ, ಚಹಾ ಬಿಸಿ, ಮಾತು ಅವೆರಡಕ್ಕಿಂತ ಬಿಸಿ. ಬೀದಿಯವರು ಹೀಗೆ ಕರೆದರು, ಅವಳು ಓಗೊಟ್ಟಳು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಮುಂದಿನ ಕೋಣೆಯಲ್ಲಿ, ಸಂಸಾರ ಹಿಂದಿನ ಕೋಣೆಯಲ್ಲಿ. ನಡುವಿನ ಬಾಗಿಲು ಗಾಳಿಗೆ ಬಡಿಯದಂತೆ ಅಜ್ಜಿಯ ಕಾಲದ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಒತ್ತಾಗಿ ಇಟ್ಟಿದ್ದಳು. ಬಟ್ಟೆ ತರುವುದು, ಒಣಹಾಕಿದ್ದನ್ನು ಇಳಿಸುವುದು, ಮನೆಮನೆಗೆ ಮುಟ್ಟಿಸುವುದು ಗಂಡನ ಕೆಲಸ. ಅವನೂ ಮಾತಿನಲ್ಲಿ ಮಾವನ ದಾರಿಯೇ ಹಿಡಿದವನು. ಯಾವುದಕ್ಕೂ "ಹೂಂ" ಅನ್ನುವುದು ಬಿಟ್ಟರೆ ಅವನ ದನಿ ಹೇಗಿದೆಯೆಂದು ಎಷ್ಟೋ ಗಿರಾಕಿಗಳಿಗೆ ಗೊತ್ತಿರಲಿಲ್ಲ.

ಹಿಂದಿನ ಕೋಣೆಯ ಟಿವಿಯ ಕೆಳಗೆ ಡಿಶ್‌ನ ರೆಕಾರ್ಡರ್ ಪೆಟ್ಟಿಗೆಯಿತ್ತು. ಅದನ್ನು ತಂದುಕೊಟ್ಟವನು ಅಳಿಯ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಅವಳ ಧಾರಾವಾಹಿ ಬರುತ್ತಿದ್ದದ್ದು ಸಂಜೆ, ಕಚೇರಿ ಬಿಟ್ಟವರೆಲ್ಲ ಬಟ್ಟೆಗೆಂದು ಮುಗಿಬೀಳುವ ಹೊತ್ತಿಗೆ. ಹಾಗಾಗಿ ಪೆಟ್ಟಿಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಇವಳು ಮರುದಿನ ಊಟವಾದ ಮೇಲೆ ಕಾಲು ಚಾಚಿ ನೋಡುತ್ತಿದ್ದಳು. ಬೇಕಾದಲ್ಲಿ ನಿಲ್ಲಿಸಿ, ಪಾತ್ರಗಳಿಗೆ ಎರಡು ಮಾತು ಬೈದು, ಮುಂದೆ ಬಿಡುತ್ತಿದ್ದಳು. ಬೀದಿಗೆಲ್ಲ ಈ ಕಟ್ಟಳೆ ಗೊತ್ತು. ಬಿಸಿಯಕ್ಕನ ಊಟ ಮುಗಿಯುವ ತನಕ ಹಿಂದಿನ ಸಂಜೆಯ ಕಥೆಯನ್ನು ಅವಳ ಅಂಗಡಿಯ ಮುಂದೆ ಎತ್ತಿದವರ ಅಂಗಿಯ ಕಾಲರು ಮಡಿಕೆ ತಪ್ಪುತ್ತಿತ್ತು.

ಆ ಧಾರಾವಾಹಿಯಲ್ಲಿ ಒಬ್ಬ ಚಿಕ್ಕಮ್ಮ. ಬಹಳ ವರ್ಷದ ಹಿಂದೆ ದೋಣಿಯಿಂದ ಹೊಳೆಗೆ ಬಿದ್ದವಳು ಮತ್ತೆ ಕಾಣಿಸಿಕೊಳ್ಳಲಿಲ್ಲ. ಸತ್ತಳು ಅಂತ ಕಥೆಯವರೂ ನಂಬಿದರು, ಊರೂ ನಂಬಿತು. ಬಿಸಿಯಕ್ಕ ಮಾತ್ರ ಒಪ್ಪಲಿಲ್ಲ.

"ಹೆಣ ತೋರಿಸಿದರಾ?" ಎನ್ನುವಳು. "ಬರೀ ಚಪ್ಪಲಿ ತೇಲಿಸಿದರು. ಚಪ್ಪಲಿ ಸತ್ತಿದೆ ಅಂತ ಬೇಕಾದರೆ ಒಪ್ಪುತ್ತೀನಿ."

ಎದುರು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ನಾದಿನಿ, ಅಂದರೆ ಗಂಡನ ತಂಗಿ, ಈ ಮಾತಿಗೆ ನಗುತ್ತಿದ್ದಳು. "ಅಯ್ಯೋ ಅತ್ತಿಗೆ, ಆ ಪಾತ್ರದವಳು ದುಡ್ಡು ಸಾಲದೆ ಬಿಟ್ಟುಹೋಗಿರ್ತಾಳೆ. ಹೊಳೆಯಲ್ಲಿ ಮೀನು ತಿಂದು ಮುಗಿಸಿ ಯಾವ ಕಾಲವಾಯ್ತೋ."

ಮಾತಿಗೆ ಮಾತು ಬೆಳೆದು ಕೊನೆಗೆ ಪಂದ್ಯವಾಯಿತು. ಸೋತವಳು ಗೆದ್ದವಳ ಬಾಗಿಲ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ, "ನನಗಿಂತ ನಿನಗೇ ಬುದ್ಧಿ ಜಾಸ್ತಿ" ಅನ್ನಬೇಕು. ಈ ಇಬ್ಬರಲ್ಲಿ ಯಾರೇ ಆಗಲಿ, ಆ ಮಾತು ಆಡುವುದಕ್ಕಿಂತ ಬಿಸಿ ಇಸ್ತ್ರಿಯ ಮೇಲೆ ಕೂತುಕೊಳ್ಳುವುದು ವಾಸಿ ಅಂದುಕೊಂಡವರೇ.

ಧಾರಾವಾಹಿಯ ಕೊನೆಯ ಕಂತು ಬಂದೇ ಬಂತು. ಅಂದು ಸಂಜೆ ಬಿಸಿಯಕ್ಕ ಎಂದಿನಂತೆ ಗಿರಾಕಿಗಳ ನಡುವೆ ಬೆವರಿಳಿಸಿದಳು. ಮರುದಿನ ಊಟ ಮುಗಿಸಿ, ಬಾಗಿಲು ಮುಂದೆ ಮಾಡಿ, ರಿಮೋಟು ಒತ್ತಿದಳು. ಪರದೆಯೆಲ್ಲ ಕಪ್ಪು. ಕೊನೆಯ ಕಂತಲ್ಲವೇ, ಕತ್ತಲಲ್ಲೇ ಶುರು ಮಾಡಿದ್ದಾರೆ ಅಂದುಕೊಂಡಳು. ಆಗಲೇ ಹೊಳೆಯ ಸದ್ದು ಕೇಳಿದಂತೆಯೂ ಆಯಿತು. ಅದು ಗಂಡ ಕೈತೊಳೆಯುತ್ತಿದ್ದ ಸದ್ದು. ಕಂತು ಮುಗಿಯುವವರೆಗೂ ಆ ಕಪ್ಪನ್ನೇ ಕಣ್ಣು ಕಿರಿದು ಮಾಡಿ ನೋಡಿದಳು. ಕೆಳಗಡೆ ಸಣ್ಣ ಅಕ್ಷರದಲ್ಲಿ "ಸಿಗ್ನಲ್ ಇಲ್ಲ" ಅಂತ ಮೊದಲಿನಿಂದಲೂ ಬರೆದಿದ್ದು ಆಮೇಲೆ ಕಣ್ಣಿಗೆ ಬಿತ್ತು.

ಅವತ್ತು ಬೀದಿಗೆ ಕೇಳಿಸಿದ ಕೂಗನ್ನು ನಾನು ಇಲ್ಲಿ ಬರೆಯಲಾರೆ. ಅದರ ಸಾರಾಂಶ ಇಷ್ಟು: ಎದುರು ಮನೆಯವಳು ಸೋಲುವ ಭಯಕ್ಕೆ ತಾರಸಿ ಹತ್ತಿ ಡಿಶ್ಶನ್ನೇ ತಿರುಗಿಸಿದ್ದಾಳೆ.

ಅಳಿಯ ಬಂದು ತಾರಸಿ ಹತ್ತಿ ನೋಡಿದ. "ಡಿಶ್ ಇದ್ದ ಹಾಗೇ ಇದೆ ಅತ್ತೆ. ಸ್ಕ್ರೂ ಕೂಡ ಅಲ್ಲಾಡಿಲ್ಲ. ಈಗ ಸಿಗ್ನಲ್ಲೂ ಬರ್ತಿದೆ. ಅವತ್ತು ಅದಕ್ಕೇನೋ ಅಡ್ಡ ಬಂದಿರಬೇಕು."

"ಅಡ್ಡ ಬಂದದ್ದು ಯಾರು ಅಂತ ನನಗೆ ಗೊತ್ತು. ಎದುರಿಗೇ ಕೂತು ಗುಂಡಿ ಹೊಲೀತಿದೆ."

ಗಂಡ ಯಾಕೋ ಕೆಮ್ಮಿದ.

ಅಲ್ಲಿಂದ ಬಿಸಿಯಕ್ಕನಿಗೆ ವನವಾಸ ಶುರುವಾಯಿತು. ಊರಿಗೆಲ್ಲ ಗೊತ್ತಿರುವ ಕಥೆ ತನಗೊಬ್ಬಳಿಗೆ ಗೊತ್ತಿಲ್ಲ. ಕೇಳಿ ತಿಳಿಯುವುದಕ್ಕೆ ಮನಸ್ಸಿಲ್ಲ. ಇಷ್ಟು ವರ್ಷ ಕಾದ ಚಿಕ್ಕಮ್ಮನನ್ನು ಕಣ್ಣಾರೆ ನೋಡಬೇಕು, ಸತ್ತಿದ್ದರೂ ಸರಿ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಇಸ್ತ್ರಿ ಮಾಡತೊಡಗಿದಳು. ಗಿರಾಕಿ ಪ್ಯಾಂಟು ಅಂದರೆ ಅವಳಿಗೆ ಕೇಳಿಸಿದ್ದು ಶೂನ್ಯ, ಸೀರೆ ಅಂದರೂ ಶೂನ್ಯ. ಯಾರಾದರೂ ಬಾಯಿ ತೆರೆದರೆ ಸಾಕು, "ಕೊನೆಯ ಕಂತಿನ ಸುದ್ದಿಯಾದರೆ ಬಟ್ಟೆ ವಾಪಸ್ಸು ತಗೊಂಡು ಹೋಗಿ!" ಎಂದು ಕಿರುಚುತ್ತಿದ್ದಳು.

ಇದರ ನಡುವೆ ನಾದಿನಿ ಬೇರೆ ದಿನಾ ರಸ್ತೆ ದಾಟಿ ಬರತೊಡಗಿದಳು. ಬಂದವಳು ಬಾಗಿಲಲ್ಲಿ ನಿಂತು, ಸೆರಗು ತಿರುವುತ್ತ, "ಅತ್ತಿಗೆ, ನಿಮಗೊಂದು ಮಾತು..." ಎನ್ನುವಳು. ಹತ್ತಿಯ ಸಂದಿಯಿಂದ ಅಷ್ಟು ಕೇಳಿದ್ದೇ ತಡ, ಬಿಸಿಯಕ್ಕ ಹಿಂದಿನ ಕೋಣೆಗೆ ಓಡಿ, ನಲ್ಲಿ ತಿರುಗಿಸಿ, ನೀರಿನ ಸದ್ದಿಗೆ ತಲೆಯೊಡ್ಡಿ ನಿಲ್ಲುವಳು.

"ನೋಡಿದಿರಾ ನಿಮ್ಮ ತಂಗಿಯ ಮುಖಾನ?" ಎಂದಳು ಗಂಡನಿಗೆ. "ಗೆದ್ದ ಜಂಬ ತುಟಿಯಲ್ಲಿ ನಿಲ್ತಾ ಇಲ್ಲ. ಹೇಳಿ ನನ್ನ ಹೊಟ್ಟೆ ಉರಿಸೋಕೆ ಬರ್ತಾಳೆ."

"ಹೂಂ" ಎಂದ ಗಂಡ.

ಅತ್ತೆಯ ಸಂಕಟ ನೋಡಲಾರದೆ ಅಳಿಯ ಒಂದು ದಿನ ರಜೆ ಹಾಕಿ ಬಂದ. ಕೈಯಲ್ಲಿ ಸುರುಳಿ ಸುತ್ತಿದ ಉದ್ದನೆಯ ತಂತಿ.

"ಅತ್ತೆ, ಹತ್ತಿ ತೆಗೀರಿ. ಕಥೆ ಹೇಳಲ್ಲ. ನಿಮ್ಮ ರೆಕಾರ್ಡರಿನ ಬೆನ್ನಲ್ಲಿ ಇಂಟರ್ನೆಟ್ಟಿಗೆ ಅಂತಲೇ ಒಂದು ತೂತಿದೆ. ಇಷ್ಟು ದಿನ ಅದನ್ನ ಯಾರೂ ಮುಟ್ಟಿಲ್ಲ. ಡಿಶ್‌ನಲ್ಲಿ ತಪ್ಪಿಹೋದದ್ದನ್ನ ನಾವು ಕೇಳಿದರೆ, ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಇದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೆ. ನೀವು ರೆಕಾರ್ಡ್ ಮಾಡಿದ್ದರ ಪಕ್ಕದಲ್ಲೇ ಬಂದು ಕೂರುತ್ತೆ."

"ಆಕಾಶದಿಂದ ಬರಬೇಕಾದದ್ದು ನೆಲದ ಮೇಲಿಂದ ಬರುತ್ತಾ?"

"ಬರುತ್ತೆ."

"ಅದೇ ಚಿಕ್ಕಮ್ಮ?"

"ಅದೇ ಚಿಕ್ಕಮ್ಮ... ಅಂದರೆ, ಅದೇ ಕಂತು." ಅಳಿಯ ನಾಲಿಗೆ ಕಚ್ಚಿಕೊಂಡ. ಬಿಸಿಯಕ್ಕ ಅವನನ್ನು ಒಂದು ಕ್ಷಣ ದುರುಗುಟ್ಟಿ ನೋಡಿ, ಕೇಳಿಸಲಿಲ್ಲ ಅಂತ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಇಂಟರ್ನೆಟ್ಟಿನ ಡಬ್ಬಿ ಇದ್ದದ್ದು ಮುಂದಿನ ಕೋಣೆಯ ಅಂಗಡಿಯಲ್ಲಿ. ಅಳಿಯ ಅಲ್ಲಿಂದ ತಂತಿ ಎಳೆದು, ಕೆಂಡದ ಪೆಟ್ಟಿಗೆಯ ಪಕ್ಕದಿಂದ ನುಸುಳಿಸಿ, ರೆಕಾರ್ಡರಿಗೆ ಚುಚ್ಚಿದ. ಧಾರಾವಾಹಿಯ ಹೆಸರು ಹುಡುಕಿ, ಕೊನೆಯ ಕಂತಿನ ಮೇಲೆ ಒತ್ತಿದ. ಪರದೆಯ ಮೇಲೆ ಒಂದು ತೆಳ್ಳಗಿನ ಗೆರೆ ಮೂಡಿ, ಹಸಿರು ಬಣ್ಣ ಎಡದಿಂದ ಬಲಕ್ಕೆ ತೆವಳತೊಡಗಿತು. ಬಸುರಿ ಎಮ್ಮೆಯ ನಡಿಗೆ ಅದರ ಮುಂದೆ ಓಟವೇ ಸರಿ.

"ಪೂರ್ತಿ ತುಂಬಿದ ಮೇಲೆ ನೋಡಿ. ನಡುವೆ ನಿಲ್ಲಬಾರದು" ಎಂದು ಹೇಳಿ ಅಳಿಯ ಚಹಾಕ್ಕೆ ಕೂತ.

ಅರ್ಧ ಗೆರೆ ತುಂಬಿತ್ತು. ಆಗ ಅಂಗಡಿಗೆ ಬಂದವರು ವಸತಿಗೃಹದ ಮೇನೇಜರು. "ಎಲ್ಲಮ್ಮಾ ನಮ್ಮ ಹೊದಿಕೆಗಳು? ಸಂಜೆಗೆ ದೊಡ್ಡ ತಂಡ ಬರ್ತಿದೆ. ಇಲ್ಲ ಅಂದರೆ ಈಗಲೇ ಹೇಳಿ, ಬೇರೆಯವರಿಗೆ ಕೊಡ್ತೀನಿ."

ಮೂಲೆಯಲ್ಲಿ ದಪ್ಪ ಬಿಳಿ ಹೊದಿಕೆಗಳು ಗುಡ್ಡೆಯಾಗಿ ಬಿದ್ದಿದ್ದವು. ಹತ್ತಿ ತುರುಕಿಕೊಂಡ ದಿನದಿಂದ ಬಿಸಿಯಕ್ಕನಿಗೆ ಅವು ನೆನಪಿಗೇ ಬಂದಿರಲಿಲ್ಲ. "ನಮ್ಮ ಮನೆತನದಲ್ಲಿ ಇಲ್ಲ ಅನ್ನೋ ಮಾತಿಲ್ಲ, ಸಂಜೆಗೆ ಬನ್ನಿ" ಎಂದು ಕಳಿಸಿ, ಅಭ್ಯಾಸಬಲದಿಂದ ಗೋಡೆಯ ಪ್ಲಗ್ಗಿನಲ್ಲಿದ್ದ ಏನನ್ನೋ ಕಿತ್ತು ಇಸ್ತ್ರಿಯದನ್ನು ಚುಚ್ಚಿದಳು.

ಒಳಗಿಂದ ಅಳಿಯ ಕೂಗಿದ. "ಅಯ್ಯೋ ಅತ್ತೆ! ಇಂಟರ್ನೆಟ್ ಡಬ್ಬಿ ಕಿತ್ತುಬಿಟ್ರಾ? ಗೆರೆ ಅಳಿಸಿಹೋಯ್ತು! ಮತ್ತೆ ಮೊದಲಿಂದ ಬರಬೇಕು."

ಅಂಗಡಿಯಲ್ಲಿ ಪ್ಲಗ್ಗು ಇದ್ದದ್ದೇ ಒಂದು. ಒಂದಕ್ಕೆ ಎರಡು ಜೋಡಿಸುವ ಸಾಧನ ತಂದು ನೋಡಿದರು. ಇಸ್ತ್ರಿ ಕಾದ ಕೂಡಲೇ ಟಪ್ಪೆಂದು ಮನೆಯೆಲ್ಲ ಕತ್ತಲು. ಹಿಂದಿನ ಕೋಣೆಯ ಪ್ಲಗ್ಗಿಗೆ ಇಸ್ತ್ರಿ ಹಾಕಿದರೆ ಟಿವಿಯೇ ಆರಿತು. ಇಸ್ತ್ರಿ ಬೇಕಾದರೆ ಚಿಕ್ಕಮ್ಮ ಇಲ್ಲ, ಚಿಕ್ಕಮ್ಮ ಬೇಕಾದರೆ ಇಸ್ತ್ರಿ ಇಲ್ಲ.

"ನಾಳೆ ನೋಡಿದರಾಯ್ತು ಬಿಡಿ ಅತ್ತೆ" ಎಂದ ಅಳಿಯ.

"ನಾಳೆ ತನಕ ನಿಮ್ಮ ಬಾಯಿ ತಡೆಯುತ್ತಾ? ಈಗಲೇ ಅರ್ಧ ಉಗುಳಿದ್ದೀರಿ."

ಬಿಸಿಯಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. ಮೂಲೆಯ ಗುಡ್ಡೆ ನೋಡಿದಳು, ಗೋಡೆಯ ಪ್ಲಗ್ಗು ನೋಡಿದಳು. ಆಮೇಲೆ ಕಣ್ಣು ಹೋಗಿ ಬಾಗಿಲಿಗೆ ಒತ್ತಾಗಿ ಕೂತಿದ್ದ ಅಜ್ಜಿಯ ಪೆಟ್ಟಿಗೆಯ ಮೇಲೆ ನಿಂತಿತು.

"ರೀ! ಬೀದಿ ಮೂಲೆಯಲ್ಲಿ ಜೋಳ ಸುಡುವವನ ಹತ್ತಿರ ಹೋಗಿ ಒಂದು ಬಾಂಡ್ಲಿ ಕೆಂಡ ಕೇಳಿ ತನ್ನಿ!"

"ಹೂಂ" ಎಂದವನೇ ಗಂಡ ಓಡಿದ.

ಇಂಟರ್ನೆಟ್ ಡಬ್ಬಿ ಮತ್ತೆ ಗೋಡೆಗೇರಿತು. ಹಸಿರು ಗೆರೆ ಮತ್ತೆ ತೆವಳತೊಡಗಿತು. ಇತ್ತ ಬಿಸಿಯಕ್ಕ ಪೆಟ್ಟಿಗೆಯ ಧೂಳು ಒರೆಸಿ, ಮುಚ್ಚಳ ತೆರೆದು ಕೆಂಡ ತುಂಬಿ, ಉಫ್ ಉಫ್ ಊದಿ, ಅದರ ತಳಕ್ಕೆ ಒದ್ದೆ ಬೆರಳು ತಾಕಿಸಿದಳು. ಚುಯ್ಯೆಂದಿತು. ಅಜ್ಜಿ ಎದ್ದು ಬಂದು ಮಾತಾಡಿದಷ್ಟು ಖುಷಿಯಾಯಿತು ಅವಳಿಗೆ. ಒಂದು ಕಣ್ಣು ಒಳಗಿನ ಗೆರೆಯ ಮೇಲೆ, ಇನ್ನೊಂದು ಹೊದಿಕೆಯ ಮೇಲೆ, ಎರಡೂ ಕೈ ಅಷ್ಟು ಭಾರದ ಪೆಟ್ಟಿಗೆಯ ಮೇಲೆ. ಗೆರೆ ಒಂದಿಷ್ಟು ಮುಂದೆ ಹೋದರೆ ಒಂದು ಹೊದಿಕೆ ಮುಗಿಯುವುದು. ಹೊಗೆಗೆ ಅಳಿಯ ಕೆಮ್ಮಿ ಕೆಮ್ಮಿ ಕನ್ನಡಕ ಒರೆಸಿಕೊಂಡ.

ಉಳಿದದ್ದು ಒಂದೇ ಹೊದಿಕೆ. ಅದನ್ನು ಹಲಗೆಯ ಮೇಲೆ ಹರವಿ ಪೆಟ್ಟಿಗೆ ಎಳೆದಳು. ನಡುಭಾಗ ಚಪ್ಪಟೆಯಾಗಲೊಲ್ಲದು. ನೀರು ಚಿಮುಕಿಸಿ ಮತ್ತೆ ಎಳೆದಳು. ಊಹೂಂ. ದೊಡ್ಡ ಬಾಣಲೆಯ ಮೇಲೆ ಒಣಗಿಸಿದಂತೆ ಬಟ್ಟೆ ದುಂಡಗೆ ಉಬ್ಬಿಕೊಂಡು ಕೂತಿತ್ತು. ಅಂಚಿನಲ್ಲಿ ಸ್ಕ್ರೂ ಗಾತ್ರದ ಒಂದು ತುಕ್ಕಿನ ಕಲೆ.

ಬಿಸಿಯಕ್ಕನ ಕೈ ಅಲ್ಲೇ ನಿಂತಿತು. ಕೊನೆಯ ಕಂತು ಬಂದ ದಿನ ಮಧ್ಯಾಹ್ನ ತಾರಸಿಯ ಹಗ್ಗಗಳೆಲ್ಲ ತುಂಬಿದ್ದವು. ನೀರು ಕುಡಿದು ಭಾರವಾದ ಒಂದು ಹೊದಿಕೆ ಅವಳ ಕೈಯಲ್ಲಿ ಮಿಕ್ಕಿತ್ತು. ಎದುರಿಗೆ, ಬಿಸಿಲಿಗೆ ಮುಖ ಮಾಡಿಕೊಂಡು, ದುಂಡಗೆ, ಅಗಲವಾಗಿ, ಯಾವ ಕೆಲಸವೂ ಇಲ್ಲದೆ ನಿಂತಿದ್ದ ಡಿಶ್ಶು! ಅಜ್ಜಿಯ ರಕ್ತ ತಡೆಯಬೇಕಲ್ಲ?

ಮೆಲ್ಲಗೆ ತಲೆಯೆತ್ತಿ ಗಂಡನನ್ನು ನೋಡಿದಳು. ಅವತ್ತು ಕತ್ತಲಾದ ಮೇಲೆ ಹೊದಿಕೆಗಳನ್ನು ಇಳಿಸಿ ತಂದವನು ಅವನೇ.

"ನಿಮಗೆ ಗೊತ್ತಿತ್ತಾ?" ಎಂದಳು ಪಿಸುದನಿಯಲ್ಲಿ.

"ಹೂಂ" ಎಂದ ಗಂಡ. ಆಮೇಲೆ, ಬಾಳಿನಲ್ಲಿ ಅಪರೂಪಕ್ಕೆ, ಒಂದು ಮಾತು ಸೇರಿಸಿದ: "ಹೇಳೋಕೆ ನಿನ್ನ ಕಿವಿಯಲ್ಲಿ ಹತ್ತಿ ಇತ್ತಲ್ಲ."

"ತುಂಬ್ತು ಅತ್ತೆ!" ಎಂದು ಒಳಗಿಂದ ಅಳಿಯ ಕೂಗಿದ.

ಬಿಸಿಯಕ್ಕ ಹೊದಿಕೆಯನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡೇ ಹೋಗಿ ಟಿವಿಯ ಮುಂದೆ ಕೂತಳು. ಎಲ್ಲ ಜಗಳ ಮುಗಿದು, ಎಲ್ಲ ಕಣ್ಣೀರು ಒರೆಸಿ, ಇನ್ನೇನು ಮುಗಿಯಿತು ಅನ್ನುವಾಗ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಚಿಕ್ಕಮ್ಮ. ಬಿಸಿಯಕ್ಕ ಚಪ್ಪಾಳೆ ತಟ್ಟಿ ಎದ್ದು ನಿಂತಳು, ಅಲ್ಲೇ ರಿಮೋಟು ಒತ್ತಿ ನಿಲ್ಲಿಸಿದಳು, ಹತ್ತಿರ ಹೋಗಿ ನೋಡಿದಳು.

"ಎಲಾ ಇವಳ! ಹೊಳೆಯಿಂದ ಬಂದವಳ ಸೀರೆಯ ನೆರಿಗೆ ನೋಡಿ! ಒಂದು ಸುಕ್ಕಿಲ್ಲ. ಯಾವನಯ್ಯಾ ಇಸ್ತ್ರಿ ಮಾಡಿಕೊಟ್ಟವನು?"

ಚಪ್ಪಾಳೆಯ ಸದ್ದು ಎದುರು ಮನೆಗೆ ಕೇಳಿರಬೇಕು. ನಾದಿನಿ ಬಂದು ಬಾಗಿಲಲ್ಲಿ ನಿಂತಳು. ಈ ಸಲ ಬಿಸಿಯಕ್ಕ ಓಡಲಿಲ್ಲ. ನಾದಿನಿ ಬೀದಿಯ ಕಡೆ ತಿರುಗಿ, ಕಣ್ಣು ಮುಚ್ಚಿ, ಕಹಿ ಔಷಧ ಕುಡಿಯುವವಳ ಹಾಗೆ ಕೂಗಿದಳು: "ನನಗಿಂತ ನನ್ನ ಅತ್ತಿಗೆಗೇ ಬುದ್ಧಿ ಜಾಸ್ತಿ!"

ಆಮೇಲೆ ಇತ್ತ ತಿರುಗಿ ಗೊಣಗಿದಳು. "ಇದೊಂದು ಮಾತು ಹೇಳಿ ಕೈ ತೊಳ್ಕೊಳ್ಳೋಣ ಅಂತ ದಿನಾ ಬರ್ತಿದ್ದೆ. ನೀವು ನೋಡಿದರೆ ನಲ್ಲಿ ಕೆಳಗೆ ಹೋಗಿ ನಿಲ್ತಿದ್ರಿ. ಗೆದ್ದವರು ಹೀಗೆ ಓಡೋದನ್ನ ನಾನೆಲ್ಲೂ ನೋಡಿಲ್ಲ ಅತ್ತಿಗೆ. ಅದರ ಮೇಲೆ ಡಿಶ್ ತಿರುಗಿಸಿದೆ ಅಂತ ಬೈಗುಳ ಬೇರೆ. ಈ ಮಂಡಿ ನೋವಿಟ್ಕೊಂಡು ನಾನು ತಾರಸಿ ಹತ್ತೋದುಂಟಾ?"

ಬಿಸಿಯಕ್ಕನ ಬಾಯಿಯ ಬಿಸಿ ಮೊದಲ ಸಲ ಆರಿತು. "ಬಾ, ಫ್ಯಾನಿನ ಕೆಳಗೆ ಕೂತ್ಕೋ" ಎಂದು ಸ್ಟೂಲು ಎಳೆದುಕೊಟ್ಟಳು. ಹೊರಗೆ ಮೇನೇಜರ ಗಾಡಿ ಬಂದು ನಿಂತ ಸದ್ದಾಯಿತು. ಕಂಕುಳಿನ ಹೊದಿಕೆ ಅಷ್ಟಕ್ಕೇ ಜಾರಿ ಅರ್ಧ ಬಿಚ್ಚಿಕೊಂಡಿತು.

ನಾದಿನಿ ಎದ್ದು ಕೈ ಚಾಚಿದಳು. "ಇಷ್ಟು ದೊಡ್ಡದನ್ನ ಒಬ್ಬರೇ ಹೇಗೆ ಮಡಿಸ್ತೀರಿ? ಬಿಡಿಸಿ ಹಿಡೀರಿ, ಆ ಕಡೆ ತುದಿ ನಾನು ಹಿಡ್ಕೋತೀನಿ."

ಗಂಡ ಕೆಮ್ಮಿದ. ಬಿಸಿಯಕ್ಕ ದುಂಡಗಿನ ಉಬ್ಬನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

"ಬೇಡ ಕಣೇ, ಬೇಡ! ಸೋತು ಸುಸ್ತಾಗಿದ್ದೀಯ, ನೀನು ಕೂತ್ಕೋ. ಈ ಹೊದಿಕೆಯ ನಾಲ್ಕು ತುದಿಯೂ ನಾನೇ ಹಿಡ್ಕೋತೀನಿ."